ಹೊಗೆಗೆ ಬೆಲೆ ಕಟ್ಟಿದರೆ ತಪ್ಪು ತೀರುತ್ತದೆಯೇ?

ಹಳ್ಳಿಯಲ್ಲಿ ಬೆಳೆದವರಿಗೆ ದೊಡ್ಡಿ ಅಂದರೇನು ಅಂತ ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದ ಕಡೆ ಅದನ್ನೇ ಕೊಂಡವಾಡ ಅಂತಾರೆ. ಯಾರದೋ ದನ ಇನ್ಯಾರದೋ ಹೊಲಕ್ಕೆ ನುಗ್ಗಿ ರಾಗಿ ಮೇಯ್ದರೆ, ಹೊಲದವನು ಆ ದನವನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಾನೆ. ದನದ ಯಜಮಾನ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಬ್ರಿಟಿಷರು 1871ರಲ್ಲಿ ಇದಕ್ಕೊಂದು ಕಾನೂನೇ ಮಾಡಿದ್ದರು, ನಮ್ಮ ರಾಜ್ಯದ ಕಾನೂನು 1966ರದ್ದು. ಈಗ ಎಷ್ಟೋ ಊರುಗಳಲ್ಲಿ ದೊಡ್ಡಿಯ ಗೋಡೆ ಬಿದ್ದುಹೋಗಿದೆ. ಆದರೆ ದೊಡ್ಡಿಯ ಸುತ್ತ ನಡೆಯುತ್ತಿದ್ದ ಜಗಳಗಳು ಇನ್ನೂ ಮುಗಿದಿಲ್ಲ ಅಂತ ನನಗನ್ನಿಸುತ್ತದೆ.

ಆ ಜಗಳ ಮೂರು ಬಗೆಯದು. ಮೊದಲನೆಯದು, ದುಡ್ಡಿದ್ದವನ ಲೆಕ್ಕಾಚಾರ. ದನ ಕಾಯೋಕೆ ಆಳಿಗೆ ಕೊಡುವ ಸಂಬಳಕ್ಕಿಂತ ಆಗೊಮ್ಮೆ ಈಗೊಮ್ಮೆ ದೊಡ್ಡಿ ದುಡ್ಡು ಕಟ್ಟೋದೇ ಅಗ್ಗ ಅಂತ ಕಂಡರೆ, ಅವನು ದನ ಬಿಟ್ಟೇ ಬಿಡುತ್ತಾನೆ. ಕೇಳಿದರೆ, "ದಂಡ ಕಟ್ಟಿದೀನಲ್ಲ, ಇನ್ನೇನು?" ಎರಡನೆಯದು, ದಂಡದ ದುಡ್ಡು ಪಂಚಾಯಿತಿಗೆ ಹೋಗುತ್ತದೆ. ರಾಗಿ ಕಳಕೊಂಡವನಿಗೆ ಪರಿಹಾರ ಬೇಕಂದರೆ ಅವನು ಕಟ್ಟೆಯಲ್ಲೋ ಕೋರ್ಟಿನಲ್ಲೋ ಬೇರೆಯಾಗಿ ಕೇಳಬೇಕು. ಮೂರನೆಯದು, ಯಾರೂ ದೊಡ್ಡದಾಗಿ ಮಾತಾಡದ ಜಗಳ. ದನ ಮೇಯಿಸುತ್ತಿದ್ದವನು ಜೀತಕ್ಕೋ ಕೂಲಿಗೋ ಇದ್ದ ಹುಡುಗ. ಎಲ್ಲಿ ಮೇಯಿಸಬೇಕು ಅಂತ ಹೇಳಿದವನು ಯಜಮಾನ, ಏಟು ತಿಂದವನು ಹುಡುಗ.

ಇವತ್ತು ಜಗತ್ತಿನ ದೊಡ್ಡ ಊರುಗಳು ತಮ್ಮ ಕಟ್ಟಡಗಳ ಹೊಗೆಗೆ ಬೆಲೆ ಕಟ್ಟೋಕೆ ಹೊರಟಿವೆ. ಅದನ್ನು ಓದುತ್ತಾ ಹೋದಂತೆ ನನಗೆ ಇದೇ ಮೂರು ಜಗಳ ಇನ್ನೊಂದು ವೇಷದಲ್ಲಿ ಕಾಣುತ್ತವೆ.

ಮೊದಲು, ಹೊಗೆಗೆ ಬೆಲೆ ಅಂದರೇನು? ಕಲ್ಲಿದ್ದಲು, ಗ್ಯಾಸು, ಎಣ್ಣೆ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಊರವರಿಗೆಲ್ಲ, ಮುಂದೆ ಹುಟ್ಟುವವರಿಗೂ, ಹಾನಿ ಮಾಡುತ್ತದೆ. ಆ ಹಾನಿ ಸುಟ್ಟವನ ಬಿಲ್ಲಿನಲ್ಲಿ ಕಾಣೋದಿಲ್ಲ. ಹಾಗಾದರೆ ಆ ಹಾನಿಯಷ್ಟು ತೆರಿಗೆಯನ್ನು ಬಿಲ್ಲಿಗೇ ಸೇರಿಸಿ ಅಂದವನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು, 1920ರಲ್ಲಿ. ಅವನ ಕಾಲಕ್ಕೆ ಹವಾಮಾನ ಬದಲಾವಣೆಯ ಮಾತು ಇರಲಿಲ್ಲ, ಆದರೆ ತತ್ವ ಅದೇ. ತೆರಿಗೆ ಹಾಕಬಹುದು, ಮಿತಿ ಹಾಕಿ ಮೀರಿದವರಿಗೆ ದಂಡ ಹಾಕಬಹುದು, ಅಥವಾ ಒಟ್ಟು ಇಷ್ಟೇ ಅಂತ ಗೆರೆ ಎಳೆದು, ಉಳಿಸಿದವರು ಮೀರಿದವರಿಗೆ ಮಾರಿಕೊಳ್ಳಲಿ ಅಂತ ಬಿಡಬಹುದು. ಮೂರಕ್ಕೂ ಸೇರಿಸಿ ಕಾರ್ಬನ್ ಬೆಲೆ ಅನ್ನಬಹುದು.

ಕಟ್ಟಡಗಳ ಮಾತು ಯಾಕೆ? ಊರಿನ ಹೊಗೆ ಅಂದ ಕೂಡಲೇ ನಮಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ನೆನಪಾಗುತ್ತದೆ. ಆದರೆ ನ್ಯೂಯಾರ್ಕ್ ತನ್ನ ಲೆಕ್ಕ ತಾನೇ ಮಾಡಿದಾಗ, ನಗರದ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಮೂರನೇ ಎರಡು ಭಾಗ ಕಟ್ಟಡಗಳದ್ದೇ ಅಂತ ಗೊತ್ತಾಯಿತು. ಚಳಿಗಾಲದಲ್ಲಿ ನೆಲಮಾಳಿಗೆಯ ಬಾಯ್ಲರು, ಬೇಸಿಗೆಯಲ್ಲಿ ಏಸಿ, ವರ್ಷವಿಡೀ ಲಿಫ್ಟು, ದೀಪ, ಬಿಸಿನೀರು. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಹಬೆಯ ರೇಡಿಯೇಟರ್ ಕೋಣೆಯನ್ನು ಎಷ್ಟು ಕಾಯಿಸುತ್ತದೆ ಅಂದರೆ, ಹೊರಗೆ ಹಿಮ ಬೀಳುತ್ತಿದ್ದರೂ ಜನ ಕಿಟಕಿ ತೆರೆದು ಕೂರುತ್ತಾರೆ. ಶಾಖ ಹೆಚ್ಚು ಕಮ್ಮಿ ಮಾಡುವ ಗುಂಡಿ ಅವರ ಕೋಣೆಯಲ್ಲಿ ಇರೋದೇ ಇಲ್ಲ. ಈ ಸಂಗತಿಯನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

2019ರಲ್ಲಿ ನ್ಯೂಯಾರ್ಕ್ ನಗರಸಭೆ ಸ್ಥಳೀಯ ಕಾನೂನು 97 ಅನ್ನೋದನ್ನು ಪಾಸು ಮಾಡಿತು. 25,000 ಚದರಡಿಗಿಂತ ದೊಡ್ಡ ಕಟ್ಟಡಗಳಿಗೆ, ಅಂದರೆ ನಮ್ಮ ಮೂವತ್ತು-ನಲವತ್ತರ ಸೈಟುಗಳನ್ನು ಇಪ್ಪತ್ತು ಜೋಡಿಸಿದಷ್ಟು ಜಾಗಕ್ಕಿಂತ ಹೆಚ್ಚು ಇರುವ ಕಟ್ಟಡಗಳಿಗೆ, ವರ್ಷಕ್ಕೆ ಇಷ್ಟೇ ಇಂಗಾಲ ಅಂತ ಮಿತಿ. ಇಂಥವು ಸುಮಾರು 50,000. ಮಿತಿ 2024ರಿಂದ ಜಾರಿಗೆ ಬಂತು, 2030ಕ್ಕೆ ಬಹಳ ಬಿಗಿಯಾಗುತ್ತದೆ. ಮೀರಿದ ಪ್ರತಿ ಟನ್ನಿಗೆ ದಂಡ 268 ಡಾಲರ್, ನಮ್ಮ ದುಡ್ಡಲ್ಲಿ 20,000 ರೂಪಾಯಿಗೂ ಮೇಲೆ. ಒಂದು ಆಫೀಸು ಕಟ್ಟಡ 1,000 ಟನ್ ಮೀರಿತು ಅಂದುಕೊಳ್ಳಿ. ವರ್ಷಕ್ಕೆ 2,68,000 ಡಾಲರ್. ಕಿಟಕಿ, ಬಾಯ್ಲರ್, ತಾರಸಿ ಎಲ್ಲ ಬದಲಿಸೋಕೆ ಅದರ ಹತ್ತಿಪ್ಪತ್ತು ಪಟ್ಟು ಬೇಕಾಗಬಹುದು. ಮಾಲೀಕ ಕ್ಯಾಲ್ಕುಲೇಟರ್ ತೆಗೆದು ಕೂತರೆ, "ದಂಡ ಕಟ್ಟೋದೇ ಸಲೀಸು" ಅಂತ ಅನ್ನಿಸಬಹುದು. ದೊಡ್ಡಿಯ ಮೊದಲ ಜಗಳ ಇದೇ ಅಲ್ವಾ?

ತತ್ವಶಾಸ್ತ್ರದವರು ಹೆಚ್ಚು ಚರ್ಚೆ ಮಾಡಿರೋದೂ ಈ ಜಗಳವನ್ನೇ. ಹಾರ್ವರ್ಡಿನ ಮೈಕಲ್ ಸ್ಯಾಂಡೆಲ್ 1997ರಲ್ಲೇ ಬರೆದರು: ದಂಡ ಬೇರೆ, ಶುಲ್ಕ ಬೇರೆ. ದಂಡದಲ್ಲಿ 'ನೀನು ಮಾಡಿದ್ದು ತಪ್ಪು' ಅನ್ನುವ ಊರಿನ ಮಾತು ಇರುತ್ತದೆ. ಶುಲ್ಕದಲ್ಲಿ ಅದು ಇರೋದಿಲ್ಲ, ಕೊಟ್ಟೆ, ತಗೊಂಡೆ, ಅಷ್ಟೇ. ಮಾಲಿನ್ಯದ ಹಕ್ಕನ್ನು ಮಾರಾಟಕ್ಕಿಟ್ಟರೆ ತಪ್ಪು ಅನ್ನುವ ಭಾವನೆಯೇ ಸವೆದುಹೋಗುತ್ತದೆ ಅನ್ನೋದು ಅವರ ಆತಂಕ. ಇನ್ನು ಕೆಲವರು ಇದನ್ನು ಮಧ್ಯಯುಗದ ಯುರೋಪಿನ ಚರ್ಚು ಪಾಪಕ್ಕೆ ಕ್ಷಮಾಪತ್ರ ಕೊಟ್ಟು ಹಣ ಪಡೆದದ್ದಕ್ಕೆ ಹೋಲಿಸಿದರು. ನಮಗೆ ಅಷ್ಟು ದೂರ ಹೋಗೋದು ಬೇಡ, ತಪ್ಪುಕಾಣಿಕೆ ಅನ್ನುವ ಮಾತೇ ಇದೆಯಲ್ಲ. ಹರಕೆ ಮರೆತಿದ್ದಕ್ಕೋ ಮಡಿ ತಪ್ಪಿದ್ದಕ್ಕೋ ದೇವರ ಹುಂಡಿಗೆ ಹಾಕಿ ಕೆನ್ನೆ ಬಡಿದುಕೊಳ್ಳುತ್ತೇವೆ. ಆದರೆ ನಾಳೆ ಮಾಡೋ ತಪ್ಪಿಗೆ ಇವತ್ತೇ ಕಾಣಿಕೆ ಹಾಕಿ ಹೊರಟರೆ, ಅದನ್ನು ಭಕ್ತಿ ಅನ್ನೋಕಾಗುತ್ತಾ?

ಈ ಆತಂಕ ಬರೀ ಪುಸ್ತಕದ್ದಲ್ಲ. ಇಸ್ರೇಲಿನ ಹೈಫಾ ಊರಿನಲ್ಲಿ ಮಕ್ಕಳ ಡೇ-ಕೇರ್‌ಗಳ ಮೇಲೆ ನಡೆಸಿದ ಒಂದು ಪ್ರಯೋಗದ ವರದಿ 2000ದಲ್ಲಿ ಬಂತು. ಮಗುವನ್ನು ಕರೆದೊಯ್ಯೋಕೆ ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಇಟ್ಟರು. ತಡವಾಗಿ ಬರುವವರು ಕಮ್ಮಿಯಾಗುವ ಬದಲು ಹೆಚ್ಚುಕಮ್ಮಿ ಎರಡು ಪಟ್ಟಾದರು. ಮೊದಲು ಟೀಚರನ್ನು ಕಾಯಿಸುತ್ತಿದ್ದೇವೆ ಅನ್ನುವ ಸಂಕೋಚ ಇತ್ತು, ದಂಡ ಬಂದ ಮೇಲೆ 'ದುಡ್ಡು ಕೊಡ್ತೀವಲ್ಲ' ಅನ್ನುವ ನಿರಾಳ ಬಂತು. ಆಮೇಲೆ ದಂಡ ತೆಗೆದರೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ.

ಆದರೂ ಈ ವಾದವನ್ನು ಪೂರ್ತಿ ಒಪ್ಪೋಕೆ ನನಗೆ ಆಗೋದಿಲ್ಲ. ಪರರ ಹೊಲದ ರಾಗಿ ಮೇಯೋದು ಒಂದು ದನ ಮೇಯ್ದರೂ ತಪ್ಪೇ. ಇಂಗಾಲ ಹಾಗಲ್ಲ. ಅನ್ನ ಬೇಯಿಸಿದರೂ ಬರುತ್ತದೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮುದುಕರ ಕೋಣೆ ಬೆಚ್ಚಗಿಟ್ಟರೂ ಬರುತ್ತದೆ. ಬದುಕೋಕೆ ಬೇಕಾದಷ್ಟನ್ನು ತಪ್ಪು ಅನ್ನೋಕಾಗುವುದಿಲ್ಲ. ತಪ್ಪು ಇರೋದು ಮಿಗಿಲಾಗಿದ್ದರಲ್ಲಿ, ಪೋಲು ಮಾಡಿದ್ದರಲ್ಲಿ, ಒಬ್ಬರೇ ಹೆಚ್ಚು ಎಳೆದುಕೊಂಡಿದ್ದರಲ್ಲಿ. ಹಾಗಾಗಿ ದೊಡ್ಡಿಗಿಂತ ಕೆರೆಯ ಹೋಲಿಕೆ ಇಲ್ಲಿ ಹೆಚ್ಚು ಹೊಂದುತ್ತದೆ. ಕೆರೆ ನೀರು ಎಲ್ಲರಿಗೂ ಬೇಕು, ಯಾರು ಬಳಸಿದರೂ ಪಾಪವಲ್ಲ. ಆದರೆ ಕೆರೆಯಲ್ಲಿ ಇಷ್ಟೇ ನೀರಿದೆ. ಅದಕ್ಕೇ ಹಿಂದೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು ಅವನ ಕೆಲಸ. ನೀರು ಕಮ್ಮಿಯಾದ ವರ್ಷ ಎಷ್ಟು ದುಡ್ಡಿದ್ದವನಿಗೂ ಎರಡನೇ ಬೆಳೆಗೆ ನೀರಿಲ್ಲ.

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಪೇ-ಪರ್-ಯೂಸ್ ಬಿಲ್ಲಿಂಗ್ ಒಂದು, ರೇಟ್ ಲಿಮಿಟ್ ಇನ್ನೊಂದು. ಮೊದಲನೆಯದರಲ್ಲಿ ದುಡ್ಡು ಕೊಟ್ಟಷ್ಟೂ ಸಿಗುತ್ತದೆ. ಎರಡನೆಯದರಲ್ಲಿ ಒಂದು ಗೆರೆ ದಾಟಿದರೆ ಬಾಗಿಲು ಮುಚ್ಚುತ್ತದೆ. ಸರ್ವರ್ ಕುಸಿಯದಂತೆ ಉಳಿಯೋದು ಎರಡನೆಯದರಿಂದಲೇ.

ಟೋಕಿಯೊ 2010ರ ಏಪ್ರಿಲ್‌ನಲ್ಲಿ ಮಾಡಿದ್ದು ಈ ಎರಡನೆಯದಕ್ಕೆ ಹತ್ತಿರ. ನಗರದ ಆಫೀಸು ಕಟ್ಟಡಗಳನ್ನೂ ಸೇರಿಸಿ ಇಂಗಾಲಕ್ಕೆ ಮಿತಿ ಮತ್ತು ಮಾರಾಟದ ವ್ಯವಸ್ಥೆ ತಂದ ಮೊದಲ ಊರು ಅದು. ಹೆಚ್ಚು ಇಂಧನ ಬಳಸುವ ಸಾವಿರಕ್ಕೂ ಮೇಲ್ಪಟ್ಟ ಕಟ್ಟಡ-ಕಾರ್ಖಾನೆಗಳಿಗೆ, ಹಿಂದಿನ ಬಳಕೆಗೆ ಹೋಲಿಸಿ ಮೊದಲ ಐದು ವರ್ಷದಲ್ಲಿ 6% ಅಥವಾ 8%, ಮುಂದಿನ ಐದು ವರ್ಷದಲ್ಲಿ 15% ಅಥವಾ 17% ಕಡಿತ. ಕಮ್ಮಿ ಮಾಡದವನಿಗೆ ಅಲ್ಲಿ ಮೊದಲು ಬರೋದು ದುಡ್ಡಿನ ಮಾತಲ್ಲ. ಎಷ್ಟು ಬಾಕಿ ಇದೆಯೋ ಅದರ 1.3 ಪಟ್ಟು ಕಮ್ಮಿ ಮಾಡು ಅನ್ನುವ ಆದೇಶ ಬರುತ್ತದೆ. ಅದನ್ನೂ ಮೀರಿದರೆ 5 ಲಕ್ಷ ಯೆನ್‌ವರೆಗೆ ದಂಡ, ಜೊತೆಗೆ ಊರೆಲ್ಲ ಓದುವಂತೆ ಹೆಸರು ಪ್ರಕಟ, ಬಾಕಿಯನ್ನು ಸರ್ಕಾರವೇ ಕೊಂಡು ಅವನ ಲೆಕ್ಕಕ್ಕೆ ಹಾಕುವುದು. 5 ಲಕ್ಷ ಯೆನ್ ಅನ್ನೋದು ಟೋಕಿಯೊದ ಗಗನಚುಂಬಿಯ ಮಾಲೀಕನಿಗೆ ಕಾಫಿ ಖರ್ಚು. ಕೆಲಸ ಮಾಡೋದು ಉಳಿದೆರಡು: ದುಡ್ಡು ಕೊಟ್ಟರೂ ಬಾಕಿ ತೀರದು, ಮಾಡದಿದ್ದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕು. ಮೊದಲ ಐದು ವರ್ಷದಲ್ಲಿ ಒಟ್ಟು ಕಡಿತ 25% ಆಯಿತು, ಅದೂ ಬಹುಪಾಲು ಕಟ್ಟಡಗಳು ತಾವೇ ಮಾಡಿದ್ದು, ಬೇರೆಯವರಿಂದ ಕೊಂಡದ್ದಲ್ಲ. 2011ರ ಭೂಕಂಪದ ನಂತರ ಜಪಾನ್ ಇಡೀ ದೇಶವೇ ವಿದ್ಯುತ್ ಉಳಿಸಿದ್ದೂ ಇದರಲ್ಲಿ ಸೇರಿದೆ, ಪೂರ್ತಿ ಶ್ರೇಯಸ್ಸನ್ನು ಕಾನೂನಿಗೇ ಕೊಡಬಾರದು. ಆದರೂ ಬೆಲೆಯ ಹಿಂದೆ ಗೆರೆಯೂ ನಾಚಿಕೆಯೂ ಇದ್ದರೆ ಅದು ಬರೀ ಶುಲ್ಕವಾಗಿ ಇಳಿದುಹೋಗಬೇಕಾಗಿಲ್ಲ ಅನ್ನೋದಕ್ಕೆ ಇದು ಉದಾಹರಣೆ.

ಹೀಗಾಗಿ ಶ್ರೀಮಂತ ದುಡ್ಡು ಕೊಟ್ಟು ತಪ್ಪಿಸಿಕೊಳ್ಳುತ್ತಾನೆ ಅನ್ನುವ ಮೊದಲ ಜಗಳಕ್ಕೆ ಮದ್ದು ಇದೆ. ನನ್ನನ್ನು ಹೆಚ್ಚು ಕಾಡೋದು ಮೂರನೇ ಜಗಳ, ಏಟು ತಿನ್ನುವ ಹುಡುಗನದ್ದು. ಯಾಕಂದರೆ ಕಟ್ಟಡದ ವಿಷಯದಲ್ಲಿ ನಿರ್ಧಾರ ಮಾಡುವವನು ಒಬ್ಬ, ಬಿಲ್ಲು ಕಟ್ಟುವವನು ಇನ್ನೊಬ್ಬ.

ಬೆಂಗಳೂರಿನ ಬಾಡಿಗೆ ಮನೆಗಳನ್ನೇ ನೋಡಿ. ಸಣ್ಣ ಸೈಟಿನಲ್ಲಿ ನಾಲ್ಕು ಮಹಡಿ ಎತ್ತಿರುತ್ತಾರೆ. ಮೇಲಿನ ಮಹಡಿಯಲ್ಲಿ ಆರ್‌ಸಿಸಿ ತಾರಸಿ ಏಪ್ರಿಲ್ ಬಿಸಿಲಲ್ಲಿ ಕಾದು ರಾತ್ರಿ ಹನ್ನೊಂದಾದರೂ ಶಾಖ ಇಳಿಸುತ್ತಿರುತ್ತದೆ. ತಾರಸಿಗೆ ಬಿಳಿ ಬಣ್ಣ ಹೊಡೆಸಬಹುದು, ಪಶ್ಚಿಮದ ಕಿಟಕಿಗೆ ಸಜ್ಜಾ ಇಳಿಸಬಹುದು. ಆದರೆ ತಾರಸಿ ಓನರ್‌ದು, ಕರೆಂಟ್ ಬಿಲ್ಲು ಬಾಡಿಗೆಯವರದ್ದು. ಬಣ್ಣಕ್ಕೆ ಓನರ್ ಯಾಕೆ ಖರ್ಚು ಮಾಡ್ತಾರೆ, ಬಿಲ್ಲು ಉಳಿಯೋದು ಅವರಿಗಲ್ಲವಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನವರು ಯಾಕೆ ಹೊಡೆಸ್ತಾರೆ, ಮುಂದಿನ ವರ್ಷ ಎಲ್ಲಿರ್ತಾರೋ. ಕೊನೆಗೆ ಒಂದು ಏಸಿ ಕೊಂಡು ಕಂತು ಕಟ್ಟುತ್ತಾರೆ.

ಗಾಜಿನ ಟೆಕ್ ಪಾರ್ಕುಗಳ ಕಥೆಯೂ ಇದೇ. ಬಿಸಿಲಿಗೆ ಮೈಯೊಡ್ಡಿ ನಿಂತ ಗಾಜಿನ ಗೋಡೆ ಬೇಕು ಅಂತ ತೀರ್ಮಾನಿಸಿದ್ದು ಬಿಲ್ಡರ್. ವಿದ್ಯುತ್ತಿನ ದುಡ್ಡು ಕೊಡೋದು ಬಾಡಿಗೆಗೆ ಬಂದ ಕಂಪನಿ. ಒಳಗೆ ಸ್ವೆಟರ್ ಹಾಕಿಕೊಂಡು ಕೂರೋದು ನಾವು. ಚಳಿ ಅಂತ ಫೆಸಿಲಿಟಿಯವರಿಗೆ ಹೇಳಿದರೆ, "ಸಾರ್, ಟೆಂಪರೇಚರ್ ನಮ್ಮ ಕೈಲಿಲ್ಲ, ಬಿಲ್ಡಿಂಗ್‌ನೋರು ಸೆಂಟ್ರಲ್ ಆಗಿ ಸೆಟ್ ಮಾಡ್ತಾರೆ" ಅಂತಾರೆ. ಬೆಂಗಳೂರಿನ ಹವೆಗೆ ವರ್ಷದಲ್ಲಿ ಎಷ್ಟೋ ತಿಂಗಳು ಕಿಟಕಿ ತೆರೆದರೆ ಸಾಕು, ಆದರೆ ಆ ಗೋಡೆಯಲ್ಲಿ ತೆರೆಯುವ ಕಿಟಕಿಯೇ ಇಲ್ಲ. ನ್ಯೂಯಾರ್ಕಿನವರಿಗೆ ಶಾಖ ಕಮ್ಮಿ ಮಾಡೋ ಗುಂಡಿ ಇಲ್ಲ, ನಮಗೆ ತಂಪು ಕಮ್ಮಿ ಮಾಡೋ ಗುಂಡಿ ಇಲ್ಲ.

ಇಂಥ ಕಡೆ ವಿದ್ಯುತ್ತಿನ ಮೇಲೆ, ಗ್ಯಾಸಿನ ಮೇಲೆ ನೇರವಾಗಿ ಇಂಗಾಲದ ತೆರಿಗೆ ಹಾಕಿದರೆ ಅದು ಹೋಗಿ ಬೀಳೋದು ಗುಂಡಿ ಇಲ್ಲದವನ ಮೇಲೆ. ಅರ್ಥಶಾಸ್ತ್ರದವರು ಬೆಲೆ ಅಂದರೆ ಸಂದೇಶ ಅಂತಾರೆ. ಸರಿ, ಆದರೆ ಏನೂ ಮಾಡಲಾಗದವನಿಗೆ ಕಳಿಸಿದ ಸಂದೇಶ ಸಂದೇಶವಲ್ಲ, ಹಿಂಸೆ. ನೀತಿಯ ಒಂದು ಹಳೆಯ ನಿಯಮವೂ ಇದನ್ನೇ ಹೇಳುತ್ತದೆ: ಒಬ್ಬನನ್ನು ಹೊಣೆ ಮಾಡಬೇಕಾದರೆ ಬೇರೆ ರೀತಿ ನಡೆಯುವ ಶಕ್ತಿ ಅವನಿಗೆ ಇರಬೇಕು. ಕಾರ್ಬನ್ ಬೆಲೆ ನ್ಯಾಯವೋ ಅನ್ಯಾಯವೋ ಅನ್ನೋದು ಬೆಲೆ ಎಷ್ಟು ಅನ್ನೋದಕ್ಕಿಂತ, ಬಿಲ್ಲು ಬಿದ್ದ ಕೈಯಲ್ಲಿ ಗುಂಡಿ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ ಅಂತ ನಾನು ನಂಬುತ್ತೇನೆ.

ಜರ್ಮನಿಯವರು ಇದನ್ನು ಕಂಡುಕೊಂಡ ಬಗೆ ನನಗೆ ಇಷ್ಟ. 2021ರಿಂದ ಅಲ್ಲಿ ಮನೆ ಕಾಯಿಸುವ ಗ್ಯಾಸು ಮತ್ತು ಎಣ್ಣೆಗೆ ಇಂಗಾಲದ ಬೆಲೆ ಇದೆ. ಟನ್ನಿಗೆ 25 ಯೂರೋದಿಂದ ಶುರುವಾಗಿ 2025ಕ್ಕೆ 55 ಯೂರೋ ಆಯಿತು. ಮೊದಲೆರಡು ವರ್ಷ ಮಾಲೀಕ ಅದನ್ನು ಪೂರ್ತಿ ಬಾಡಿಗೆದಾರನ ತಲೆಗೆ ಕಟ್ಟಬಹುದಿತ್ತು. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆಯಲ್ಲೇ ಇರೋದು, ಹಾಗಾಗಿ ಗಲಾಟೆಯಾಯಿತು. 2023ರ ಜನವರಿಯಿಂದ ಹೊಸ ಕಾನೂನು ಬಂತು. ಕಟ್ಟಡ ಒಂದು ಚದರ ಮೀಟರಿಗೆ ಎಷ್ಟು ಇಂಗಾಲ ಬಿಡುತ್ತದೆ ಅನ್ನೋದನ್ನು ನೋಡಿ ಹತ್ತು ಮೆಟ್ಟಿಲು ಮಾಡಿದರು. ತೀರಾ ಕೆಟ್ಟ ಕಟ್ಟಡದಲ್ಲಿ ಇಂಗಾಲದ ಬೆಲೆಯ 95% ಮಾಲೀಕನ ಪಾಲು, 5% ಬಾಡಿಗೆದಾರನದ್ದು. ತೀರಾ ಒಳ್ಳೆಯ ಕಟ್ಟಡದಲ್ಲಿ ಪೂರ್ತಿ ಬಾಡಿಗೆದಾರನದ್ದು. ಯಾಕಂದರೆ ಗೋಡೆ, ಬಾಯ್ಲರ್ ಎಲ್ಲ ಚೆನ್ನಾಗಿದ್ದ ಮೇಲೂ ಹೊಗೆ ಹೆಚ್ಚಾದರೆ ಅದು ಒಳಗಿರುವವನ ಅಭ್ಯಾಸ. ಎಷ್ಟು ಸರಳ ನೋಡಿ. ದನಕ್ಕೆ ಬೇಲಿ ಹಾಕದ ಯಜಮಾನನಿಗೆ ಅವನ ಪಾಲು, ನಿದ್ದೆ ಹೋದ ಕಾವಲಿನವನಿಗೆ ಅವನ ಪಾಲು.

ನ್ಯೂಯಾರ್ಕ್ ಕೂಡ ಇದನ್ನು ಸ್ವಲ್ಪ ಮಟ್ಟಿಗೆ ಗುರುತಿಸಿತು. ದಂಡ ಬೀಳೋದು ಕಟ್ಟಡದ ಮಾಲೀಕನ ಮೇಲೆ. ಆದರೆ ಬಾಡಿಗೆ ನಿಯಂತ್ರಣ ಇರುವ ಮನೆಗಳಲ್ಲಿ ಮಾಲೀಕ ದೊಡ್ಡ ರಿಪೇರಿ ಮಾಡಿಸಿ ಅದರ ಖರ್ಚನ್ನು ಬಾಡಿಗೆಗೆ ಸೇರಿಸಿ, ಹಳಬರನ್ನು ಹೊರಹಾಕಬಹುದು ಅನ್ನುವ ಭಯ ಇತ್ತು. ಅದಕ್ಕೇ ಅಂಥ ಮನೆಗಳು 35%ಗಿಂತ ಹೆಚ್ಚಿರುವ ಕಟ್ಟಡಗಳಿಗೆ ಇನ್ನೊಂದು ದಾರಿ ಬಿಟ್ಟರು: ಪೈಪಿಗೆ ಹೊದಿಕೆ ಹಾಕು, ಹಬೆ ಸೋರಿಕೆ ನಿಲ್ಲಿಸು, ರೇಡಿಯೇಟರಿಗೆ ನಿಯಂತ್ರಣ ಕೊಡು, ಇಂಥ ಸಣ್ಣಪುಟ್ಟ ಕೆಲಸಗಳ ಪಟ್ಟಿ ಮುಗಿಸಿದರೆ ಸಾಕು. ಸ್ವಂತ ಫ್ಲಾಟಿನ ಮಧ್ಯಮವರ್ಗದವರಿಗೆ ಈ ಸೌಲಭ್ಯ ಇಲ್ಲ. ಅವರಲ್ಲಿ ಕೆಲವರು, ನಮಗೆ ಅಷ್ಟು ದುಡ್ಡೆಲ್ಲಿದೆ ಅಂತ ಕೋರ್ಟಿಗೂ ಹೋದರು. ಅವರ ಅಳಲನ್ನು ಸುಳ್ಳು ಅನ್ನೋಕಾಗುವುದಿಲ್ಲ. ಗುಂಡಿ ಕೈಲಿದ್ದರೂ ಒತ್ತೋಕೆ ಶಕ್ತಿ ಬೇಕು. ಸಾಲ ಕೊಡದೆ ದಂಡ ಮಾತ್ರ ಹಾಕುವ ಸರ್ಕಾರ ಅರ್ಧ ಕೆಲಸ ಮಾಡಿದಂತೆ.

ಇನ್ನೊಂದು ಕಡೆ ಎಂಪೈರ್ ಸ್ಟೇಟ್ ಕಟ್ಟಡ ಇದೆ. 1931ರದ್ದು. 2009ರಲ್ಲಿ, ಯಾವ ದಂಡವೂ ಇಲ್ಲದಾಗಲೇ, ಅದರ ದುರಸ್ತಿ ಯೋಜನೆ ಶುರುವಾಯಿತು. 6,514 ಕಿಟಕಿಗಳನ್ನು ಬಿಚ್ಚಿ, ಕಟ್ಟಡದ ಒಳಗೇ ಒಂದು ವರ್ಕ್‌ಶಾಪ್ ಮಾಡಿ, ಅದೇ ಗಾಜನ್ನು ಮತ್ತೆ ಬಳಸಿ ಶಾಖ ತಡೆಯುವಂತೆ ಮಾಡಿ ಕೂರಿಸಿದರು. ಒಟ್ಟು ಇಂಧನ ಬಳಕೆಯಲ್ಲಿ 38% ಕಡಿತ ಅವರು ಇಟ್ಟುಕೊಂಡ ಗುರಿ. ಕಟ್ಟಡವೂ ಲೆಕ್ಕವೂ ಒಂದೇ ಕೈಲಿದ್ದರೆ, ಜೊತೆಗೆ ಆ ಕೈಲಿ ದುಡ್ಡೂ ಇದ್ದರೆ, ಎಂಬತ್ತು ವರ್ಷದ ಮುದಿ ಕಟ್ಟಡವೂ ಬದಲಾಗುತ್ತದೆ.

ಈಗ ಎರಡನೇ ಜಗಳಕ್ಕೆ ಬರೋಣ. ದಂಡದ ದುಡ್ಡು ಯಾರಿಗೆ? ರಾಗಿ ಯಾರದ್ದು?

ನಮ್ಮ ನಗರಗಳ ಕಟ್ಟಡಗಳ ಹೊಗೆ ನಗರದಲ್ಲಿ ಏಳೋದಿಲ್ಲ. ಅಲ್ಲಿನಂತೆ ನಮ್ಮಲ್ಲಿ ಬಾಯ್ಲರ್ ಇಲ್ಲ, ನಮ್ಮದೆಲ್ಲ ವಿದ್ಯುತ್ತು. ದೇಶದ ಗ್ರಿಡ್‌ನ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಏಸಿ ರಾತ್ರಿಯಿಡೀ ಹತ್ತು ಯೂನಿಟ್ ತಿಂದರೆ ಏಳು ಕೆಜಿ. ವೈಟ್‌ಫೀಲ್ಡಿನಲ್ಲಿ ಏಸಿ ಹಾಕಿದಾಗ ಹೊಗೆ ಏಳೋದು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ. ಹಾರುಬೂದಿ ಬೀಳೋದು ಅಲ್ಲಿನವರ ಹೊಲ, ಮನೆ, ಎದೆಗೂಡಿನ ಮೇಲೆ. ಬೇಸಿಗೆಯಲ್ಲಿ 42-43 ಡಿಗ್ರಿ ಕಾಣುವ ಊರು ಅದು. ಬೆಂಗಳೂರಿನ ತಂಪಿಗೆ ರಾಯಚೂರು ಬೇಯುತ್ತದೆ ಅಂದರೆ ಅದು ಬರೀ ಉಪಮೆಯಲ್ಲ.

ಭಾರತದಲ್ಲಿ ಇಂಗಾಲಕ್ಕೆ ಬೆಲೆಯೇ ಇರಲಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, 2016ಕ್ಕೆ ಅದು 400 ಆಯಿತು. ಒಂದು ಯೂನಿಟ್ ವಿದ್ಯುತ್ತಿನ ಮೇಲೆ ಸುಮಾರು 25-30 ಪೈಸೆ. ಶುರುವಿನಲ್ಲಿ ಅದು ಶುದ್ಧ ಇಂಧನದ ನಿಧಿಗೆ ಅಂತ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನು ರಾಜ್ಯಗಳಿಗೆ ಆದಾಯ ನಷ್ಟ ತುಂಬಿಕೊಡುವ ಸೆಸ್ಸಿನಲ್ಲಿ ಕರಗಿಸಿದರು. ಬೆಲೆ ಇತ್ತು, ದಂಡ ಕಟ್ಟಿದ್ದೂ ಆಯಿತು, ಆದರೆ ರಾಗಿ ಕಳಕೊಂಡವನ ಹೆಸರು ಆ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರಲಿಲ್ಲ. ಏಸಿ ಹಾಕಿ ಮಲಗುವವನೂ ಒಂದು ಬಲ್ಬಿನ ಮನೆಯವನೂ ಯೂನಿಟ್ಟಿಗೆ ಅದೇ ಪೈಸೆ ಹೊತ್ತರು.

ದುಡ್ಡನ್ನು ಜನಕ್ಕೇ ವಾಪಸ್ ಕೊಟ್ಟರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕೆನಡಾ 2019ರಿಂದ ಹಾಗೆ ಮಾಡಿ ನೋಡಿತು. ಇಂಧನದ ಮೇಲೆ ಹಾಕಿದ ಇಂಗಾಲದ ಶುಲ್ಕದ ಬಹುಪಾಲನ್ನು ಕುಟುಂಬಗಳ ಖಾತೆಗೇ ಹಾಕುತ್ತಿತ್ತು. ಆದರೂ ಜನ ಸಿಟ್ಟಾದರು, 2025ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯಬೇಕಾಯಿತು. ಕಟ್ಟುವಾಗ ಪ್ರತಿ ಸಲ ಕಣ್ಣಿಗೆ ಕಾಣುತ್ತದೆ, ವಾಪಸ್ ಬರುವಾಗ ಖಾತೆಯಲ್ಲಿ ಸದ್ದಿಲ್ಲದೆ ಬೀಳುತ್ತದೆ. ಕೆಟ್ಟ ಕಿಟಕಿಯ ಮನೆಯಲ್ಲಿ ಚಳಿಗೆ ನಡುಗುವವನಿಗೆ ಚೆಕ್ಕಿಗಿಂತ ಕಿಟಕಿ ಬೇಕಿರುತ್ತದೆ. ದಂಡದ ದುಡ್ಡಿನಲ್ಲಿ ಬಡವರ ತಾರಸಿಗೆ ಬಣ್ಣ, ಸೋರುವ ಕಿಟಕಿಗೆ ರಿಪೇರಿ, ಶಕ್ತಿನಗರದವರಿಗೆ ಆಸ್ಪತ್ರೆ ಬಂದಿದ್ದರೆ ಅದು ಬೇರೆಯೇ ಮಾತಾಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಬೆಲೆಯೇ ಬೇಡ, ಬರೀ ನಿಯಮ ಸಾಕು ಅನ್ನಬಹುದಲ್ಲ? ನಿಯಮದ ಪರವಾಗಿ ಬೆಂಗಳೂರಿನಲ್ಲೇ ಒಳ್ಳೆಯ ಸಾಕ್ಷಿ ಇದೆ. ವಿಮಾನ ಇಳಿಯುವಾಗ ಕೆಳಗೆ ನೋಡಿ, ತಾರಸಿ ತಾರಸಿಯ ಮೇಲೂ ಸೋಲಾರ್ ವಾಟರ್ ಹೀಟರ್. 2007ರಲ್ಲಿ ಸರ್ಕಾರ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು, ಇಲ್ಲದಿದ್ದರೆ ವಿದ್ಯುತ್ ಸಂಪರ್ಕ ಇಲ್ಲ. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಇತ್ತು. ಆದರೆ 50 ರೂಪಾಯಿ ಆಸೆಗೆ ಯಾರೂ ಹೀಟರ್ ಹಾಕಿಸಲಿಲ್ಲ, ಮೀಟರ್ ಸಿಗಲಿ ಅಂತ ಹಾಕಿಸಿದರು. ನಿಯಮ ಕೆಲಸ ಮಾಡಿದ್ದು ಯಾಕೆ? ಅದು ಹೋಗಿ ನಿಂತದ್ದು ಮನೆ ಕಟ್ಟಿಸುವವನ ಬಾಗಿಲಲ್ಲಿ, ಕಟ್ಟುವ ದಿನವೇ. ಗುಂಡಿ ಇದ್ದ ಕೈ ಅದು.

ಆದರೂ ನಿಯಮ ಬರೆಯುವವನಿಗೆ ಎಲ್ಲವೂ ಗೊತ್ತಿರೋದಿಲ್ಲ. ಯಾವ ಕಟ್ಟಡದಲ್ಲಿ ಗಾಜು ಬದಲಿಸೋದು ಅಗ್ಗ, ಯಾವುದರಲ್ಲಿ ಚಿಲ್ಲರ್ ಬದಲಿಸೋದು ಅಗ್ಗ ಅನ್ನೋದು ಆ ಕಟ್ಟಡದವನಿಗೇ ಗೊತ್ತು. ಅವನನ್ನು ಹುಡುಕುವಂತೆ ಮಾಡೋಕೆ ಬೆಲೆ ಬೇಕು. ನಿಯಮಕ್ಕೆ ತಲೆ ಬಾಗಿದ ಮೇಲೂ ಪೋಲು ಮಾಡೋಕೆ ದಾರಿ ಇದ್ದೇ ಇರುತ್ತದೆ, ಅಲ್ಲೂ ಬೆಲೆ ಬೇಕು. ಹಾಗಾಗಿ ನಾನು ಬೆಲೆಯ ವಿರೋಧಿಯಲ್ಲ. ಅದು ಒಂದೇ ಸಾಕು, ಮಾರುಕಟ್ಟೆ ಉಳಿದದ್ದನ್ನು ನೋಡಿಕೊಳ್ಳುತ್ತದೆ ಅನ್ನೋ ಮಾತಿಗೆ ಮಾತ್ರ ನನ್ನ ತಕರಾರು.

ಈ ಚರ್ಚೆ ನಮಗೆ ದೂರದ್ದಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಗೆ ಅಧಿಸೂಚನೆ ಹೊರಡಿಸಿದೆ. ಅದು ಶುರುವಾಗೋದು ಸಿಮೆಂಟ್, ಅಲ್ಯೂಮಿನಿಯಂ ಥರದ ಕಾರ್ಖಾನೆಗಳಿಂದ, ಆಫೀಸು ಮನೆಗಳು ಅದರಲ್ಲಿಲ್ಲ. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆ ದೊಡ್ಡ ವಸತಿ ಕಟ್ಟಡಗಳನ್ನೂ ಇಂಧನ ಸಂಹಿತೆಯ ಒಳಗೆ ತರೋಕೆ ದಾರಿ ಮಾಡಿದೆ. ನಾಳೆಯೋ ನಾಡಿದ್ದೋ ನಗರದ ಕಟ್ಟಡಗಳ ಸರದಿ ಬರುತ್ತದೆ. ಆಗ ಟಿವಿಯಲ್ಲಿ ನಡೆಯೋ ಜಗಳ 'ಬೆಲೆ ಎಷ್ಟು' ಅನ್ನೋದೊಂದೇ ಆಗಿರುತ್ತದೆ. 200 ಯೂನಿಟ್ ಒಳಗಿನ ಗೃಹಜ್ಯೋತಿಯವರನ್ನು ಬೈಯೋದೂ ನಡೆಯುತ್ತದೆ. ಅವರ ತಿಂಗಳಿಡೀ ಹೊಗೆ ಹೆಚ್ಚೆಂದರೆ 140 ಕೆಜಿ, ಗಾಜಿನ ಗೋಪುರದ ಒಂದು ಮಹಡಿ ಅಷ್ಟನ್ನು ಬೆಳಗಿನ ಕಾಫಿಯೊಳಗೆ ಮುಗಿಸಬಹುದು ಅನ್ನೋದನ್ನು ಯಾರೂ ಹೇಳಲಿಕ್ಕಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಒಟ್ಟು ಇಷ್ಟೇ ಅನ್ನುವ ಗೆರೆ ಇದೆಯೇ? ದುಡ್ಡು ಹೊಗೆ ಕುಡಿದವರಿಗೆ ತಲುಪುತ್ತದೆಯೇ? ಬಿಲ್ಲು ಗುಂಡಿ ಇರುವ ಕೈಗೆ ಹೋಗುತ್ತದೆಯೇ?

ಇವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಬಹಳಷ್ಟು 2070ರಲ್ಲೂ ನಿಂತಿರುತ್ತವೆ. ದೇಶ ತನ್ನ ನಿವ್ವಳ ಹೊಗೆಯನ್ನು ಸೊನ್ನೆಗೆ ತರುತ್ತೇನೆ ಅಂತ ಮಾತು ಕೊಟ್ಟಿರುವುದೂ ಅದೇ ವರ್ಷಕ್ಕೆ. ಆ ಕಟ್ಟಡಗಳ ನಕ್ಷೆಗೆ ಸಹಿ ಬೀಳೋದು ಈ ತಿಂಗಳು, ಮುಂದಿನ ತಿಂಗಳು. ಕಿಟಕಿ ತೆರೆಯುತ್ತದೆಯೇ, ಪಶ್ಚಿಮಕ್ಕೆ ನೆರಳಿದೆಯೇ ಅಂತ ಆ ಮೇಜಿನ ಮುಂದೆ ಕೇಳದೆ ಬಿಟ್ಟರೆ, ಆಮೇಲೆ ಐವತ್ತು ವರ್ಷ ಆ ಪ್ರಶ್ನೆಯನ್ನು ಬಾಡಿಗೆದಾರರ ಬಿಲ್ಲಿನ ಮೇಲೆ ಬರೆದು ಕಳಿಸುತ್ತಾ ಇರಬೇಕಾಗುತ್ತದೆ.